ಗುಜರಿ ಪಿನ್ನೇ ಗೆದ್ದಿತು: ಕಾರಿನ ಡೋರ್ ಲಾಕ್ ಪಿನ್ ಮೂರು ಕಡೆಯಿಂದ ತಂದು ಹಾಕಿ ನೋಡಿದ್ದು

ಮೊದಲೇ ಹೇಳಿಬಿಡ್ತೀನಿ, ಕೊನೇವರೆಗೂ ಕಾಯಿಸಿದ ಅಂತ ಬೈಸಿಕೊಳ್ಳೋದು ಬೇಡ. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಚೌಕಾಸಿ ಮಾಡಿ ನಾಲ್ಕಕ್ಕೆ 200 ರೂಪಾಯಿ ಕೊಟ್ಟು ತಂದ ಹಳೇ ಒರಿಜಿನಲ್ ಪಿನ್ನುಗಳೇ ಈಗ ನನ್ನ ಕಾರಿನ ಮೂರು ಬಾಗಿಲಲ್ಲಿ ಕೂತಿವೆ. ಆನ್‌ಲೈನಲ್ಲಿ 649 ರೂಪಾಯಿಗೆ ತರಿಸಿದ ಅಲ್ಯೂಮಿನಿಯಂ ಸೆಟ್ಟು ಅಡುಗೆಮನೆ ಡ್ರಾಯರಿನಲ್ಲಿ, ಯಾವ ಬೀಗದ್ದು ಅಂತ ಯಾರಿಗೂ ನೆನಪಿಲ್ಲದ ಕೀಲಿಕೈಗಳ ಜೊತೆ ಬಿದ್ದಿದೆ. ಗಾಡಿ ಬಿಡಿಭಾಗದ ಅಂಗಡಿಗಳ ಬೀದಿ ಜೆ.ಸಿ. ರಸ್ತೆಯ ನಲವತ್ತು ರೂಪಾಯಿ ಪಿನ್ನಿನ ಕಥೆ ಇವೆರಡರ ನಡುವಿನದು.

ಕಾರು 2004ರ ಸೆಡಾನ್. ಮಾಡಿದ ಕಂಪನಿ ನಮ್ಮ ದೇಶದಲ್ಲಿ ಬಾಗಿಲು ಹಾಕಿಕೊಂಡು ಹೋಗಿ ಎಷ್ಟೋ ವರ್ಷ ಆಯ್ತು, ಹಾಗಾಗಿ ಶೋರೂಮಿಗೆ ಹೋಗಿ ಹೊಸದು ತರೋ ದಾರಿ ಇಲ್ಲ. ಹೆಸರು ಹೇಳಲ್ಲ, ಇನ್ನೂ ಅದನ್ನೇ ಓಡಿಸ್ತಿರೋ ನಾಲ್ಕು ಜನ ಬೇಜಾರು ಮಾಡ್ಕೋತಾರೆ. ಹದಿನೈದು ವರ್ಷ ತುಂಬಿದಾಗ ಆರ್‌ಟಿಒ ಕಚೇರಿಯಲ್ಲಿ ಸಾಲು ನಿಂತು ಇನ್ನೈದು ವರ್ಷ, ಆಮೇಲೆ ಮತ್ತೈದು ವರ್ಷ ಆಯಸ್ಸು ಬರೆಸಿಕೊಂಡು ಬಂದಿರೋ ಗಾಡಿ.

ಪಿನ್ ಅಂದ್ರೆ ಯಾವುದು ಅಂತ ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ಕಿಟಕಿ ಗಾಜಿನ ಬುಡದಲ್ಲಿ, ಬಾಗಿಲಿನ ಮೇಲಂಚಿನಿಂದ ತಲೆ ಎತ್ತಿ ನಿಲ್ಲೋ ಆ ಕಪ್ಪು ಕಡ್ಡಿ. ಒತ್ತಿದರೆ ಲಾಕು, ಎತ್ತಿದರೆ ಬಿಡುಗಡೆ. ಬಹಳಷ್ಟು ಹೊಸ ಕಾರುಗಳಲ್ಲಿ ಅದು ಒಳಗಿನ ಹಿಡಿಕೆಯ ಪಕ್ಕದ ಪುಟ್ಟ ಲಿವರ್ ಆಗಿದೆ. ಹಳೇ ಕಾಲದ ಪಿನ್ನಿನ ತಲೆ ಅಣಬೆ ಥರ ಇರ್ತಿತ್ತು, ಕಿಟಕಿ ಸಂದಿಯಿಂದ ತಂತಿ ಕುಣಿಕೆ ಇಳಿಸಿ ಎತ್ತೋದು ಕಳ್ಳರಿಗೆ ಸುಲಭ. ಅದಕ್ಕೇ ಆಮೇಲಾಮೇಲೆ ತಲೆ ಕತ್ತರಿಸಿ ನೇರ ಮಾಡಿದರು, ಲಾಕ್ ಆದಾಗ ಹೆಚ್ಚುಕಮ್ಮಿ ಒಳಗೇ ಮುಳುಗೋ ಹಾಗೆ.

ನಮ್ಮದು ಮುರಿದದ್ದು ಹಿಂದಿನ ಎಡಗಡೆ ಬಾಗಿಲಿನದು. ಅದು ಅಮ್ಮನ ಸೀಟು. ಮಲ್ಲೇಶ್ವರದಲ್ಲಿ ಇಳಿಯೋಕೆ ಅಂತ ಅಮ್ಮ ಪಿನ್ ಎತ್ತಿದರೆ ಅದರ ತುದಿ ಕೈಗೇ ಬಂತು. "ಹಲ್ಲು ಉದುರಿದ ಹಾಗೆ ಬಂತಲ್ಲೋ" ಅಂದರು. ಇಪ್ಪತ್ತು ವರ್ಷ ಗಾಜಿನ ಬುಡದಲ್ಲಿ ಬಿಸಿಲು ಕುಡಿದ ಪ್ಲಾಸ್ಟಿಕ್ಕು, ಅಮ್ಮನ ತಪ್ಪಿಲ್ಲ. ಮೊದಲು ಇನ್‌ಸ್ಟಂಟ್ ಗ್ಲೂ ಹಾಕಿದೆ. ಮೂರು ದಿನ ಹಿಡಿಯಿತು, ಜೊತೆಗೆ ಅದರ ಹಬೆಗೆ ಸುತ್ತಲಿನ ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ಬೂದಿ ಹಚ್ಚಿದ ಹಾಗೆ ಬಿಳಿ ಕಲೆ. ಆ ಕಲೆ ಇವತ್ತಿಗೂ ಇದೆ.

ಕೊಳ್ಳೋದಕ್ಕೆ ಮುಂಚೆ ಒಂದು ಕೆಲಸ. ಬಾಗಿಲೊಳಗಿನ ಲಾಕಿನಿಂದ ಮೇಲೆ ಬರೋ ಉಕ್ಕಿನ ರಾಡಿಗೆ ಕೆಲವು ಕಾರಲ್ಲಿ ಮರೆ (ಸ್ಕ್ರೂವಿಗಿರೋ ಥರದ ಸುರುಳಿ ಗೆರೆ, ಥ್ರೆಡ್) ಇರುತ್ತೆ, ಪಿನ್ನನ್ನು ತಿರುಗಿಸಿ ಕೂರಿಸಬೇಕು. ಕೆಲವದರಲ್ಲಿ ಬರೀ ಗೀರುಗಳಿದ್ದು ಒತ್ತಿ ಕೂರಿಸಿರ್ತಾರೆ. ಮರೆ ಇದ್ದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಎಂ4, ಎಂ5 (ಅಂದ್ರೆ 4, 5 ಮಿಲಿಮೀಟರ್ ದಪ್ಪದ ರಾಡಿಗೆ ಕೂರೋ) ನಟ್ಟು ಒಂದೊಂದು ತಗೊಂಡು ರಾಡಿನ ಮೇಲೆ ಬೆರಳಲ್ಲೇ ತಿರುಗಿಸಿ ನೋಡಿ. ನಂದಕ್ಕೆ ಎಂ5 ಸಲೀಸಾಗಿ ಇಳಿಯಿತು. ಆ ನಟ್ಟು ಜೇಬಲ್ಲಿಟ್ಟುಕೊಂಡೇ ಅಂಗಡಿ ಅಲೆದೆ. ಇಡೀ ಈ ವ್ಯವಹಾರದಲ್ಲಿ ನಾನು ಮಾಡಿದ ಬುದ್ಧಿವಂತಿಕೆಯ ಖರೀದಿ ಅದೊಂದೇ, ಎರಡು ರೂಪಾಯಿಯದು. ಬೇಸರದ ಸಂಗತಿ ಏನಂದ್ರೆ, ಅಲ್ಯೂಮಿನಿಯಂ ಸೆಟ್ ಅಷ್ಟರಲ್ಲಾಗಲೇ ಆರ್ಡರ್ ಆಗಿಹೋಗಿತ್ತು.

ಅಲ್ಯೂಮಿನಿಯಂ ಸೆಟ್

ನೋಡೋಕೆ ಏನೂ ಮಾತಾಡೋ ಹಾಗಿಲ್ಲ. ಬೆಳ್ಳಿ ಬಣ್ಣ, ತಲೆಯಲ್ಲಿ ಒಂದು ಕೆಂಪು ಉಂಗುರ, ಕೈಯಲ್ಲಿ ಹಿಡಿದರೆ ತೂಕ. ಡಬ್ಬಿಯಲ್ಲಿ ನಾಲ್ಕು ಪಿನ್ನು, ಬೇರೆ ಬೇರೆ ಅಳತೆಯ ಪ್ಲಾಸ್ಟಿಕ್ ಬುಷ್ಷುಗಳು (ರಾಡಿಗೆ ತೊಡಿಸೋ ಸಣ್ಣ ಕೊಳವೆಗಳು), ಸ್ಕ್ರೂ ತಿರುಗಿಸೋಕೆ ಒಂದು ಪುಟಾಣಿ ಆರು ಮೂಲೆಯ ಆಲೆನ್ ಕೀ. ಎಲ್ಲ ಕಾರಿಗೂ ಹೊಂದಬೇಕಲ್ಲ, ಅದಕ್ಕೆ ಒಳಗೆ ಮರೆ ಇಲ್ಲ. ಬುಷ್ಷನ್ನು ರಾಡಿಗೆ ತೊಡಿಸಿ, ಮೇಲೆ ಪಿನ್ನು ಇಳಿಸಿ, ಪಕ್ಕದಿಂದ ಸಣ್ಣ ಗ್ರಬ್ ಸ್ಕ್ರೂ (ತಲೆ ಇಲ್ಲದ ಸ್ಕ್ರೂ) ಬಿಗಿಯಬೇಕು. ಇಪ್ಪತ್ತು ನಿಮಿಷಕ್ಕೆ ನಾಲ್ಕೂ ಹಾಕಿ ಫ್ಯಾಮಿಲಿ ಗ್ರೂಪಿಗೆ ಫೋಟೋನೂ ಕಳಿಸಿಬಿಟ್ಟೆ. ಭಾವ ಮೂರು ಹೆಬ್ಬೆರಳು ಎತ್ತಿದ್ದರು.

ತಾಪತ್ರಯ ಎಲ್ಲಿತ್ತು ಅಂದ್ರೆ, ಪಿನ್ನು ಹತ್ತಿ ಇಳಿಯೋದು ಬಾಗಿಲಿನ ಮೇಲಂಚಿನ ಒಂದು ಪ್ಲಾಸ್ಟಿಕ್ ಬಳೆಯ ಮೂಲಕ. ಹಳೇ ಪಿನ್ನಿನ ಸೊಂಟಕ್ಕೆ ವರ್ನಿಯರ್ ಹಿಡಿದರೆ 8 ಮಿಲಿಮೀಟರ್. ಹೊಸದು 9. ಬಳೆಯ ತೂತು ಒಂಬತ್ತಕ್ಕಿಂತ ಒಂದು ಕೂದಲೆಳೆ ಜಾಸ್ತಿ. ನೆಟ್ಟಗೆ ನಿಂತರೆ ಹೋಗುತ್ತೆ. ಆದರೆ ಗ್ರಬ್ ಸ್ಕ್ರೂ ಒಂದೇ ಪಕ್ಕದಿಂದ ಒತ್ತೋದರಿಂದ ಪಿನ್ನು ಆ ಕಡೆಗೆ ಒಂಚೂರು ವಾಲುತ್ತೆ, ಬಳೆಯ ಒಂದು ಗೋಡೆಗೆ ಉಜ್ಜುತ್ತೆ. ಬೆರಳಲ್ಲಿ ಒತ್ತುವಾಗ ಇದು ಗೊತ್ತೇ ಆಗಲ್ಲ. ಬೆರಳಿಗೆ ಬೇಕಾದಷ್ಟು ಬಲ ಇದೆ.

ಸೆಂಟ್ರಲ್ ಲಾಕಿನ ಮೋಟಾರಿಗೆ ಅಷ್ಟು ಬಲ ಇಲ್ಲ. ನನ್ನದು ಕಂಪನಿಯದಲ್ಲ, ಹೊರಗಿನ ಅಂಗಡಿಯಲ್ಲಿ ಹಾಕಿಸಿದ ಸೆಂಟ್ರಲ್ ಲಾಕು. ಡ್ರೈವರ್ ಬಾಗಿಲಲ್ಲಿ ಐದು ವೈರಿನ ಯಜಮಾನ ಮೋಟಾರು, ಉಳಿದ ಮೂರರಲ್ಲಿ ಎರಡೆರಡು ವೈರಿನ ಆಳುಗಳು. ಯಜಮಾನ ಇಳಿದಿದ್ದನ್ನು ನೋಡಿ ಲಾಕಿನ ಕಂಟ್ರೋಲ್ ಪೆಟ್ಟಿಗೆ ಉಳಿದ ಮೂವರಿಗೂ ಒಂದು ಕ್ಷಣ 12 ವೋಲ್ಟ್ ಕೊಡುತ್ತೆ. ಆ ಕ್ಷಣದಲ್ಲಿ ಕೆಲಸ ಮುಗಿದರೆ ಮುಗಿಯಿತು. ಮುಗಿಯದಿದ್ದರೆ ವಾಪಸ್ ವರದಿ ಮಾಡೋಕೆ ಆ ಬಾಗಿಲಿಂದ ಬೇರೆ ವೈರೇ ಇಲ್ಲ. ಟಕ್ ಅನ್ನೋ ಸದ್ದು ಮಾತ್ರ ಪಿನ್ನು ಇಳಿದರೂ ಬರುತ್ತೆ, ಇಳಿಯದಿದ್ದರೂ ಬರುತ್ತೆ.

ಇದು ಗೊತ್ತಾಗಿದ್ದು ಕಡಲೆಕಾಯಿ ಪರಿಷೆಯ ರಾತ್ರಿ. ಬುಲ್ ಟೆಂಪಲ್ ರಸ್ತೆ ಹತ್ತಿರ ಗಾಡಿ ಬಿಡೋ ಮಾತೇ ಇಲ್ಲ, ಎನ್.ಆರ್. ಕಾಲೋನಿಯ ಒಂದು ಕ್ರಾಸಿನಲ್ಲಿ ನಿಲ್ಲಿಸಿದ್ದೆವು. ಐದು ಸೇರು ಕಡಲೆಕಾಯಿ ತಂದು ಹಿಂದಿನ ಸೀಟಲ್ಲಿಟ್ಟು, ಟಕ್ ಅನ್ನಿಸಿ, ಮತ್ತೆ ಬತ್ತಾಸು, ಕಲ್ಯಾಣಸೇವೆ ಅಂತ ಇನ್ನೊಂದು ಸುತ್ತು ಹೋಗಿಬಂದೆವು. ಬಂದು ನೋಡಿದರೆ ಹಿಂದಿನ ಎಡಗಡೆ ಪಿನ್ನು ಅರ್ಧಕ್ಕೆ ನಿಂತಿದೆ. ಹೊರಗಿನ ಹಿಡಿಕೆ ಎಳೆದೆ, ಬಾಗಿಲು ತೆರೆಯಿತು. ಮುಕ್ಕಾಲು ಗಂಟೆ ಹಾಗೇ ಇತ್ತು ಗಾಡಿ, ಆ ಜನಜಂಗುಳಿಯಲ್ಲಿ. ಏನೂ ಹೋಗಿರಲಿಲ್ಲ. ಪರಿಷೆಗೆ ಬಂದ ಕಳ್ಳನಿಗೆ ಕಡಲೆಕಾಯಿ ಯಾಕೆ ಬೇಕು.

ಆಮೇಲಿನ ಎರಡು ಭಾನುವಾರ ಅದಕ್ಕೇ ಹೋಯಿತು. ಸ್ಕ್ರೂ ಇನ್ನೊಂದು ಪಕ್ಕಕ್ಕೆ ಬರೋ ಹಾಗೆ ತಿರುಗಿಸಿದೆ, ವಾಲೋದೂ ಇನ್ನೊಂದು ಪಕ್ಕಕ್ಕೆ ವಾಲಿತು. ಬಳೆಗೆ ಮೇಣದಬತ್ತಿ ಉಜ್ಜಿದೆ, ನಾಲ್ಕು ದಿನ ಚೆನ್ನಾಗಿತ್ತು, ಧೂಳು ಸೇರಿ ಮೇಣ ಅಂಟಾಯಿತು. 400 ನಂಬರಿನ ಉಪ್ಪುಕಾಗದದಲ್ಲಿ ಪಿನ್ನಿನ ಸೊಂಟ ಉಜ್ಜಿದೆ, ಬೆಳ್ಳಿ ಬಣ್ಣ ಹೋಗಿ ಅನ್ನದ ತಪ್ಪಲೆ ತಳದ ಬಣ್ಣ ಬಂತು. ಕೊನೆಗೆ ಬಿಚ್ಚೋಣ ಅಂದರೆ ಆ ಆಲೆನ್ ಕೀ ಸ್ಕ್ರೂವಿನ ತೂತಿನೊಳಗೆ ಸುಮ್ಮನೆ ತಿರುಗುತ್ತಿದೆ, ಮೂಲೆಗಳೆಲ್ಲ ಸವೆದಿವೆ.

ಇಕ್ಕಳ ಹಾಕಿ ಎಳೆದೆ. ಪಿನ್ನು ಬಂತು. ಅದೇ ರಭಸಕ್ಕೆ ರಾಡು ಬಳೆಯಿಂದ ಜಾರಿ ಬಾಗಿಲೊಳಗೆ ಮುಳುಗಿತು.

ಇನ್ನು ಡೋರ್ ಪ್ಯಾಡ್, ಅಂದ್ರೆ ಬಾಗಿಲಿನ ಒಳಹೊದಿಕೆ, ಬಿಚ್ಚದೆ ಗತಿ ಇಲ್ಲ. ಹಿಂದಿನ ಕಿಟಕಿಗಳು ಕೈಯಲ್ಲಿ ತಿರುಗಿಸೋವು. ಆ ಹಿಡಿಕೆಯ ಹಿಂದೆ ಕುದುರೆಲಾಳದ ಆಕಾರದ ಕ್ಲಿಪ್ಪು ಕಣ್ಣಿಗೆ ಕಾಣದ ಜಾಗದಲ್ಲಿ ಕೂತಿರುತ್ತೆ. ಹಳೇ ಬನಿಯನ್ ಬಟ್ಟೆಯನ್ನು ಹಿಡಿಕೆಗೂ ಪ್ಯಾಡಿಗೂ ನಡುವೆ ತೂರಿಸಿ, ಬೆನ್ನು ಉಜ್ಜಿಕೊಳ್ಳೋ ಹಾಗೆ ಎರಡೂ ಕೈಯಲ್ಲಿ ಆಚೀಚೆ ಎಳೆದರೆ ಬಟ್ಟೆಯ ಎಳೆಗೆ ಕ್ಲಿಪ್ಪು ಸಿಕ್ಕಿ ಚಿಮ್ಮುತ್ತೆ. ಚಿಮ್ಮಿದ ಮೇಲೆ ಎಲ್ಲಿ ಹೋಯಿತು ಅಂತ ನೋಡೋಕೆ ಇನ್ನೊಬ್ಬರು ಇರಬೇಕು. ನಮ್ಮಲ್ಲಿ ಅದು ಪಕ್ಕದ ಮನೆಯವರ ಸ್ಕೂಟರಿನ ಕೆಳಗಿತ್ತು. ಪ್ಯಾಡನ್ನು ಬಾಗಿಲಿಗೆ ಹಿಡಿದಿಡೋ ಒಂಬತ್ತು ಗುಂಡಿಗಳಲ್ಲಿ ಎರಡು ಮುರಿದವು. ಅದರ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ಹರಿಯದೆ ಬಿಡಿಸಿ, ಮತ್ತೆ ಅದೇ ಅಂಟಿಗೆ ಒತ್ತಿ ಕೂರಿಸಬೇಕು. ಅದು ಕಸ ಅಂತ ಕಿತ್ತು ಬಿಸಾಕಿದವರಿಗೆ ಮಳೆಗಾಲದಲ್ಲಿ ಕಾಲಡಿಯ ಕಾರ್ಪೆಟ್ಟು ಒದ್ದೆಯಾದಾಗ ಅದರ ಬೆಲೆ ತಿಳಿಯುತ್ತೆ. ರಾಡು ಗಾಜಿನ ಕಾಲುವೆಗೆ ಒರಗಿಕೊಂಡು ಆರಾಮಾಗಿ ನಿಂತಿತ್ತು.

ಅದಕ್ಕೇ ಹೇಳೋದು, ಯಾವ ಪಿನ್ನೇ ಹಾಕಿ, ಬಿಚ್ಚುವಾಗ ಲಾಕ್ ಮೇಲೆತ್ತಿದ ಸ್ಥಿತಿಯಲ್ಲೇ ಬಿಚ್ಚಿ, ರಾಡಿಗೆ ಒಂದು ದಾರದ ಕುಣಿಕೆ ಬಿಗಿದಿಟ್ಟುಕೊಳ್ಳಿ.

ಅಲ್ಯೂಮಿನಿಯಂ ಬಗ್ಗೆ ಇನ್ನೆರಡು ಮಾತು. ಏಪ್ರಿಲ್ ಬಿಸಿಲಲ್ಲಿ ನಿಂತ ಕಾರಿನಲ್ಲಿ ಅದನ್ನು ಮುಟ್ಟಿದರೆ ಚುರ್ ಅನ್ನುತ್ತೆ. ಲಾಕ್ ಆದಾಗಲೂ ಅದರ ದಪ್ಪ ತಲೆ ಮೇಲೇ ಇರೋದರಿಂದ ತಂತಿ ಕುಣಿಕೆಯ ಕಾಲಕ್ಕೆ ವಾಪಸ್ ಹೋದ ಹಾಗೆ.

ಜೆ.ಸಿ. ರಸ್ತೆ

ರಾಡು ಸಿಕ್ಕಿತು, ಪಿನ್ನಿಲ್ಲ. ಸೋಮವಾರ ಆಫೀಸಿಂದ ಬರ್ತಾ ಮಿನರ್ವ ಸರ್ಕಲ್ ಕಡೆಯ ಒಂದು ಅಂಗಡಿಗೆ ನುಗ್ಗಿದೆ. ಯಾವ ಗಾಡಿ ಅಂತ ಕೇಳಿದರು, ಹೇಳಿದೆ, ನಕ್ಕರು. ಒಂದು ಬಿಸ್ಕತ್ತಿನ ಡಬ್ಬ ತಂದು ಪೇಪರಿನ ಮೇಲೆ ಸುರಿದರು, ಐವತ್ತು ಅರವತ್ತು ಥರದ ಪಿನ್ನುಗಳು. ಜೇಬಿನ ನಟ್ಟಿನ ಪಕ್ಕ ಇಟ್ಟು ಹೋಲಿಸಿ ಎಂ5ಕ್ಕೆ ಕೂರೋದನ್ನು ಆರಿಸಿದೆ. ಒಂದಕ್ಕೆ 40 ರೂಪಾಯಿ. ಪ್ಯಾಡಿನ ಗುಂಡಿ ಹತ್ತು ರೂಪಾಯಿಗೊಂದು, ಅದನ್ನೂ ಐದು ತಗೊಂಡೆ.

ಹಾಕೋದಕ್ಕೆ ಹತ್ತು ನಿಮಿಷ. ಬಳೆಗೆ ತಾಕಲ್ಲ, ಮೋಟಾರು ಸರಾಗವಾಗಿ ಎಳೆಯುತ್ತೆ. ಹೊಳಪು ಮಾತ್ರ ಹೊಸ ಚಪ್ಪಲಿ ಥರ ಎದ್ದು ಕಾಣುತ್ತೆ. ನಾಲ್ಕು ತಿಂಗಳಿಗೆ ಡ್ರೈವರ್ ಬಾಗಿಲಿನದು ಸುಮ್ಮನೆ ತಿರುಗೋಕೆ ಶುರುವಾಯಿತು, ಯಾಕಂದ್ರೆ ಮರೆಯನ್ನು ನೇರ ಪ್ಲಾಸ್ಟಿಕ್ಕಿನಲ್ಲೇ ಕೊರೆದಿದ್ದಾರೆ. ನಲ್ಲಿಗೆ ಸುತ್ತೋ ಟೆಫ್ಲಾನ್ ಟೇಪ್ ರಾಡಿಗೆ ಎರಡು ಸುತ್ತು ಸುತ್ತಿ ಮತ್ತೆ ಕೂರಿಸಿದೆ, ಗಟ್ಟಿಯಾಗಿ ನಿಂತಿದೆ.

ಇಷ್ಟಕ್ಕೇ ಸುಮ್ಮನಿರಬಹುದಿತ್ತು. ಆದರೆ ಅದರ ತಲೆ ನುಣ್ಣಗಿದೆ. ಅಮ್ಮನ ಬೆರಳಲ್ಲಿ ಈಗ ಹಿಡಿತ ಕಡಿಮೆ, ಉಗುರು ಸಿಕ್ಕಿಸಿ ಎತ್ತೋ ಅಭ್ಯಾಸ. ದೇವಸ್ಥಾನದ ಮುಂದೆ ನಿಲ್ಲಿಸಿದಾಗ ಹಿಂದಿನಿಂದ ಕೆರೆಯೋ ಸದ್ದು ಬರ್ತಿತ್ತು, ಆಮೇಲೆ "ತೆಗಿಯಪ್ಪಾ ಇದನ್ನ" ಅಂತ. ಮುಂದಿನಿಂದ ನಾನು ಲಾಕ್ ಬಿಡಿಸಬಹುದು, ಬಿಡಿಸ್ತಿದ್ದೆ. ಆದರೆ ಅವರಿಗೆ ತಾವೇ ತೆಗೆದುಕೊಂಡು ಇಳೀಬೇಕು.

ಶಿವಾಜಿನಗರ

ಒರಿಜಿನಲ್ ಪಿನ್ನಿನ ತಲೆಯ ಸುತ್ತ ಸಣ್ಣ ಸಣ್ಣ ಗೆರೆಗಳಿವೆ, ಚಕ್ಕುಲಿಯ ಹಾಗೆ. ಅದಕ್ಕಾಗಿ ಗುಜರಿಗೆ ಹೋದೆ. ಮೂರನೇ ಅಂಗಡಿಯಲ್ಲಿ ನನ್ನ ಮಾಡೆಲಿನ ಬಾಗಿಲುಗಳು ಗೋಡೆಗೆ ಒರಗಿದ್ದವು, ಬಣ್ಣ ಬೇರೆ. ಪಿನ್ ಮಾತ್ರ ಬಿಡಿಯಾಗಿ ಕೊಡಲ್ಲ, ಬಾಗಿಲು ತಗೊಳ್ಳಿ ಅಂದರು. ಬಾಗಿಲು ತಗೊಂಡು ಏನು ಮಾಡಲಿ, ಮನೆಗೆ ಹಾಕಿಸಲಾ ಅಂದೆ. 500 ಅಂದರು, ಎದ್ದು ಹೊರಟೆ, ಕರೆದರು, ಒಂದು ಚಹಾ ಆಯಿತು, 200ಕ್ಕೆ ಬಂತು. ನಾನೇ ಬಿಚ್ಚಿಕೊಂಡೆ.

ತಿರುಗಿಸಿ ತೆಗೆದು ಕೆಳಗಿನಿಂದ ಮೊಬೈಲ್ ಬೆಳಕು ಬಿಟ್ಟು ನೋಡಿದರೆ ಒಳಗೆ ಹಿತ್ತಾಳೆಯ ಉಂಗುರ, ಅದರಲ್ಲಿ ಮರೆ. ಇಪ್ಪತ್ತು ವರ್ಷ ಮರೆ ಸವೆಯದೆ ಇದ್ದಿದ್ದು ಅದಕ್ಕೇ. ಅಲ್ಲೇ ಒಂದೊಂದನ್ನೂ ಮೆಲ್ಲಗೆ ಬಗ್ಗಿಸಿ ನೋಡಬೇಕು, ಬಿಸಿಲಿಗೆ ಬೆಳ್ಳಗಾದ ಪಕ್ಕದಲ್ಲಿ ಕೂದಲೆಳೆ ಸೀಳು ಇದೆಯಾ ಅಂತ. ನಾನು ಮೂರು ನೋಡಿದೆ, ನಾಲ್ಕನೇದನ್ನು ಮಾತಿನ ಭರದಲ್ಲಿ ನೋಡಲಿಲ್ಲ. ಮನೆಗೆ ಬಂದು ಪಾತ್ರೆ ಸೋಪು, ಹಳೇ ಬ್ರಷ್ಷಲ್ಲಿ ಉಜ್ಜುವಾಗ ಅದರ ಸೀಳು ಕಂಡಿತು.

ಇದೂ ನನ್ನ ಮುರಿದ ಪಿನ್ನಿನ ವಯಸ್ಸಿನದೇ, ಅದೇ ಪ್ಲಾಸ್ಟಿಕ್ಕು. ಯಾವತ್ತೋ ಒಂದು ದಿನ ಮುರಿಯುತ್ತೆ, ಗೊತ್ತು. ನನ್ನ ಗಾಡಿ ಓಡೋದು ವಾರಕ್ಕೆ ಎರಡು ದಿನ, ಮುಖ್ಯ ಸವಾರಿ ಅಮ್ಮ, ಅಲ್ಯೂಮಿನಿಯಂಗೆ 649 ಖರ್ಚು ಮಾಡಿ ಪಾಠ ಕಲಿತಾಗಿದೆ. ದಿನಾ ಓಡಿಸೋರು, ಹಿಂದೆ ಕೂರೋ ವಯಸ್ಸಾದವರು ಇಲ್ಲದವರು ಜೆ.ಸಿ. ರಸ್ತೆಯಿಂದ ಆರು ಪಿನ್ನು ತಂದು ನಾಲ್ಕು ಹಾಕಿ ಎರಡು ಎತ್ತಿಡಿ. ಸೆಂಟ್ರಲ್ ಲಾಕೇ ಇಲ್ಲದ ಗಾಡಿ, ನೋಟ ಮುಖ್ಯ ಅನ್ನೋರಿಗೆ ಅಲ್ಯೂಮಿನಿಯಂ ಆಗಬಹುದು, ಬಳೆಯ ಅಳತೆ ಮೊದಲು ತೆಗೆದುಕೊಂಡು.

ಈಗ ಮೂರು ಬಾಗಿಲಲ್ಲಿ ಗುಜರಿ ಪಿನ್ನು, ಡ್ರೈವರ್ ಬಾಗಿಲಲ್ಲಿ ಟೆಫ್ಲಾನ್ ಸುತ್ತಿದ ನಲವತ್ತು ರೂಪಾಯಿಯದು. ಆ ಒಂದಕ್ಕಾಗಿ ಮತ್ತೆ ಶಿವಾಜಿನಗರಕ್ಕೆ ಹೋಗಬೇಕು. ಬಾಗಿಲುಗಳು ಇನ್ನೂ ಅಲ್ಲೇ ಒರಗಿದ್ದರೆ ಈ ಸಲ ಬಗ್ಗಿಸಿ ನೋಡಿಯೇ ದುಡ್ಡು ಕೊಡೋದು.