3ಜಿ ಸೆಲ್‌ಗೆ ಎಷ್ಟು ಚಂದಾದಾರರು? ಒಂದು ಲೆಕ್ಕಾಚಾರದ ಹಾಳೆಯ ವಿಮರ್ಶೆ

ಮೊಬೈಲ್ ಜಾಲ ಯೋಜನೆಯ ತರಬೇತಿ ನೀಡುವ ಸಂಸ್ಥೆಯೊಂದು ತನ್ನ ಕೋರ್ಸಿನ ಜೊತೆಗೆ ಒಂದು ಎಕ್ಸೆಲ್ ಹಾಳೆಯನ್ನೂ ಮಾರುತ್ತದೆ. 3ಜಿ ಜಾಲದ ಒಂದು ಸೆಲ್ (ಟವರಿನ ಒಂದು ಆಂಟೆನಾ ಆವರಿಸುವ ಪ್ರದೇಶ) ಎಷ್ಟು ಚಂದಾದಾರರನ್ನು ತಾಳಬಲ್ಲದು ಎಂದು ಅಂದಾಜಿಸುವುದು ಅದರ ಕೆಲಸ. ಧ್ವನಿ ಕರೆಗಳ ಮಟ್ಟಿಗೆ ಹಾಳೆ ಅಚ್ಚುಕಟ್ಟಾಗಿದೆ. ಡೇಟಾ ವಿಷಯದಲ್ಲಿ ಅದು ತೋರಿಸುವ ಸಂಖ್ಯೆಯನ್ನು ನಂಬಿ ಯಾರೂ ಟವರ್ ನಿಲ್ಲಿಸಬಾರದು.

2ಜಿಯ ಜಿಎಸ್‌ಎಂನಲ್ಲಿ ಒಂದು ಟಿಆರ್‌ಎಕ್ಸ್‌ಗೆ (ಟವರಿನ ರೇಡಿಯೊ ಘಟಕಕ್ಕೆ) ಎಂಟು ಟೈಮ್ ಸ್ಲಾಟ್‌ಗಳು, ಅಂದರೆ ಸರದಿಯಲ್ಲಿ ಬರುವ ಕಾಲದ ತುಣುಕುಗಳು, ಇರುವುದರಿಂದ ಸಾಮರ್ಥ್ಯವನ್ನು ಬೆರಳೆಣಿಕೆಯಲ್ಲೇ ಹೇಳಿಬಿಡಬಹುದಿತ್ತು. 3ಜಿಯ ಡಬ್ಲ್ಯುಸಿಡಿಎಂಎ ತಂತ್ರಜ್ಞಾನದಲ್ಲಿ ಎಲ್ಲರೂ ಅದೇ 5 ಮೆಗಾಹರ್ಟ್ಸ್ ತರಂಗಾಂತರವನ್ನು ಒಟ್ಟಿಗೆ ಬಳಸುತ್ತಾರೆ. ಒಬ್ಬರ ಕರೆ ಉಳಿದವರಿಗೆ ಗದ್ದಲವಾಗುತ್ತದೆ, ಆದ್ದರಿಂದ ಸಾಮರ್ಥ್ಯಕ್ಕೆ ಗಟ್ಟಿಯಾದ ಗೆರೆಯೇ ಇರುವುದಿಲ್ಲ. ಹಾಳೆ ಈ ಅಂಶವನ್ನು ಸರಿಯಾಗಿ ಹಿಡಿದಿದೆ. ಸೆಕೆಂಡಿಗೆ 3.84 ಮೆಗಾಚಿಪ್ ದರ (ಸಂಕೇತವನ್ನು ಹರಡುವ ಕೋಡ್‌ನ ವೇಗ), 12.2 ಕಿಲೋಬಿಟ್‌ನ ಧ್ವನಿ, 5 ಡೆಸಿಬಲ್‌ನ ಎಬ್-ನಾಟ್ ಅನುಪಾತ (ಗದ್ದಲದ ಎದುರು ಪ್ರತಿ ಬಿಟ್‌ಗೆ ಬೇಕಾದ ಶಕ್ತಿ), 0.67ರ ಧ್ವನಿ ಸಕ್ರಿಯತೆ, ನೆರೆಯ ಸೆಲ್‌ಗಳಿಂದ ಬರುವ ಅಡಚಣೆಗೆ 0.55 ಎಂದು ಕೊಟ್ಟರೆ, ಒಂದು ಕರೆ ಅಪ್‌ಲಿಂಕ್ (ಮೊಬೈಲಿನಿಂದ ಟವರಿಗೆ) ಹೊರೆಯ ಶೇ 1.04ರಷ್ಟನ್ನು ತಿನ್ನುತ್ತದೆ ಎಂದು ಅದು ತೋರಿಸುತ್ತದೆ. ಆ ಲೆಕ್ಕದಲ್ಲಿ ತಾತ್ವಿಕ ಗರಿಷ್ಠ ಮಿತಿ 96 ಕರೆಗಳು. ಆದರೆ ಹೊರೆ ಶೇ 50 ಆದಾಗ ಗದ್ದಲ 3 ಡೆಸಿಬಲ್, ಶೇ 75 ಆದಾಗ 6 ಡೆಸಿಬಲ್, ಶೇ 90 ಆದಾಗ 10 ಡೆಸಿಬಲ್ ಏರುವುದರಿಂದ, ಸೆಲ್ ತುಂಬಿದಂತೆ ಅದರ ವ್ಯಾಪ್ತಿಯೂ ಕುಗ್ಗಿ ಅಂಚಿನಲ್ಲಿರುವವರ ಕರೆಗಳು ಕಡಿಯತೊಡಗುತ್ತವೆ. ಹಾಗಾಗಿ ಹಾಳೆ ಶೇ 60ಕ್ಕೆ ನಿಲ್ಲಿಸಿ 57 ಕರೆಗಳನ್ನು ಕೊಡುತ್ತದೆ. ಶೇ 2ರಷ್ಟು ಕರೆಗಳು ವಿಫಲವಾಗಬಹುದೆಂದು ಒಪ್ಪಿಕೊಂಡರೆ ಕರೆ ಸಿಗದಿರುವ ಸಾಧ್ಯತೆಯನ್ನು ಲೆಕ್ಕ ಹಾಕುವ ಎರ್ಲಾಂಗ್-ಬಿ ಸೂತ್ರದ ಪ್ರಕಾರ ಇದು ಸುಮಾರು 46.8 ಎರ್ಲಾಂಗ್ (ಒಂದು ಕರೆ ಗಂಟೆಯಿಡೀ ಸಾಗಿದರೆ ಆ ಗಂಟೆಯಲ್ಲಿ ಒಂದು ಎರ್ಲಾಂಗ್), ಅಂದರೆ ದಟ್ಟಣೆಯ ಗಂಟೆಯಲ್ಲಿ ತಲಾ 25 ಮಿಲಿ-ಎರ್ಲಾಂಗ್ ಮಾತಾಡುವ 1,870 ಚಂದಾದಾರರು.

ಯಾವ ಸೂತ್ರವನ್ನೂ ಪಾಸ್‌ವರ್ಡ್ ಹಿಂದೆ ಬಚ್ಚಿಡದಿರುವುದು ಈ ಹಾಳೆಯ ದೊಡ್ಡ ಗುಣ. ಎಬ್-ನಾಟ್ ಅನುಪಾತವನ್ನು 5ರಿಂದ 6 ಡೆಸಿಬಲ್‌ಗೆ ಏರಿಸಿದೊಡನೆ 57 ಕರೆಗಳು 46ಕ್ಕೆ ಇಳಿಯುವುದನ್ನು ಕಣ್ಣಾರೆ ಕಂಡ ವಿದ್ಯಾರ್ಥಿ, ಅಂತಿಮ ಸಂಖ್ಯೆಗಿಂತ ಅದರ ಹಿಂದಿನ ಊಹೆಗಳನ್ನೇ ಮೊದಲು ಪ್ರಶ್ನಿಸುತ್ತಾನೆ. (ಚೌಕಗಳಿಗೆ ಬಳಿದಿರುವ ಗುಲಾಬಿ ಮತ್ತು ಹಸಿರು ಬಣ್ಣಗಳನ್ನು ಮಾತ್ರ ಕ್ಷಮಿಸುವುದು ಕಷ್ಟ.)

ಡೇಟಾ ಪುಟದಲ್ಲಿ ಈ ಎಚ್ಚರಿಕೆ ಕಾಣುವುದಿಲ್ಲ. ಭಾರತದಲ್ಲಿ ಇದು ಸಣ್ಣ ಲೋಪವಲ್ಲ. 2010ರ ಹರಾಜಿನಲ್ಲಿ 2100 ಮೆಗಾಹರ್ಟ್ಸ್ ಬ್ಯಾಂಡಿನ 5 ಮೆಗಾಹರ್ಟ್ಸ್‌ನ ಒಂದು ಜೋಡಿಗೆ ಕರ್ನಾಟಕ ವಲಯದಲ್ಲಿ 1,579.91 ಕೋಟಿ ರೂಪಾಯಿ ಬೆಲೆ ಬಂದಿತ್ತು. ಅಷ್ಟು ಹಣ ತೆತ್ತವರ ಕೈಗೆ ಆ ಬ್ಯಾಂಡಿನಲ್ಲಿ ಬಂದದ್ದು ಒಂದೇ ಕ್ಯಾರಿಯರ್ (5 ಮೆಗಾಹರ್ಟ್ಸ್‌ನ ಒಂದು ರೇಡಿಯೊ ಚಾನೆಲ್). ಧ್ವನಿಯೂ ಡೇಟಾವೂ ಅದರಲ್ಲೇ, ಅದೇ ಪ್ರಸಾರ ಶಕ್ತಿಯಲ್ಲಿ ಪಾಲು ಹಂಚಿಕೊಳ್ಳಬೇಕಿತ್ತು. ಹಾಳೆಯಾದರೋ ಡೇಟಾ ವೇಗದ ಚೌಕದಲ್ಲಿ 14.4 ಮೆಗಾಬಿಟ್ ಎಂದು ಮೊದಲೇ ತುಂಬಿಸಿಕೊಂಡು ಬರುತ್ತದೆ. 3ಜಿಯ ವೇಗದ ಡೌನ್‌ಲೋಡ್ ತಂತ್ರವಾದ ಎಚ್‌ಎಸ್‌ಡಿಪಿಎಯ ಹದಿನೈದೂ ಕೋಡ್‌ಗಳು ಒಬ್ಬರಿಗೇ ಸಿಕ್ಕು, ಅವರು ಟವರಿನ ಹತ್ತಿರವೇ ಇದ್ದು, ದೋಷ ತಿದ್ದುವ ಬಿಟ್‌ಗಳಿಗೂ ಜಾಗ ಬಿಡದಿದ್ದರೆ ಕಾಗದದ ಮೇಲೆ ಸಿಗುವ ವೇಗ ಇದು. ತಿಂಗಳಿಗೆ 500 ಮೆಗಾಬೈಟ್ ಬಳಸುವವರು ದಿನದ ಬಳಕೆಯ ಹತ್ತನೇ ಒಂದು ಪಾಲನ್ನು ದಟ್ಟಣೆಯ ಗಂಟೆಯಲ್ಲಿ ಬಳಸುತ್ತಾರೆಂದುಕೊಂಡರೆ, ತಲಾ ಬೇಡಿಕೆ ಸೆಕೆಂಡಿಗೆ ಸುಮಾರು 3.7 ಕಿಲೋಬಿಟ್. ಶೇ 70ರ ಹೊರೆಯಲ್ಲಿ ಹಾಳೆ ಇದಕ್ಕೆ 2,700ಕ್ಕೂ ಹೆಚ್ಚು ಚಂದಾದಾರರನ್ನು ತೋರಿಸುತ್ತದೆ. ಸೆಲ್‌ನ ಸರಾಸರಿ ವೇಗ 2 ಮೆಗಾಬಿಟ್ ಎಂದು ತಿದ್ದಿ ನೋಡಿ: ಉಳಿಯುವವರು 378 ಮಂದಿ. ತಿಂಗಳ ಬಳಕೆ 2 ಜಿಬಿಗೆ ಏರಿದರೆ ನೂರು ಮಂದಿಯೂ ಇಲ್ಲ.

ಟವರಿನಿಂದ ಆರ್‌ಎನ್‌ಸಿಗೆ (ಹಲವು ಟವರ್‌ಗಳನ್ನು ನಿಯಂತ್ರಿಸುವ ಕೇಂದ್ರಕ್ಕೆ) ಹೋಗುವ ಸಂಪರ್ಕಕ್ಕಂತೂ ಹಾಳೆಯಲ್ಲಿ ಒಂದು ಚೌಕವೂ ಇಲ್ಲ. ತಲಾ 1.4 ಮೆಗಾಬಿಟ್ (2 ಮೆಗಾಬಿಟ್‌ನ ಶೇ 70) ಸಾಗಿಸುವ ಒಂದು ಟವರಿನ ಮೂರು ಸೆಕ್ಟರ್‌ಗಳಿಗೆ, ಅಂದರೆ ಮೂರು ಸೆಲ್‌ಗಳಿಗೆ, 4.2 ಮೆಗಾಬಿಟ್ ಬೇಕು. ಇಂಥ ಸಂಪರ್ಕಕ್ಕೆ ಬಳಸುವ ಒಂದು ಇ1 ಲಿಂಕ್ ಸುಮಾರು 2 ಮೆಗಾಬಿಟ್ ಮಾತ್ರ ಸಾಗಿಸುತ್ತದೆ, ಅದರಲ್ಲೂ ಒಂದಿಷ್ಟು ಹೆಡರ್‌ಗಳ ಪಾಲು. ಎರಡು ಇ1 ಇರುವ ಕಡೆ ರೇಡಿಯೊ ಸಾಮರ್ಥ್ಯವನ್ನು ಎಷ್ಟು ನಾಜೂಕಾಗಿ ಲೆಕ್ಕ ಹಾಕಿದರೂ ಜನ ಕಾಯುವುದು ತಪ್ಪುವುದಿಲ್ಲ. ಸಾಫ್ಟ್ ಹ್ಯಾಂಡೋವರ್‌ನಲ್ಲಿರುವ, ಅಂದರೆ ಏಕಕಾಲದಲ್ಲಿ ಎರಡು ಟವರ್‌ಗಳೊಡನೆ ಸಂಪರ್ಕವಿರುವ, ಕರೆ ಆ ಎರಡೂ ಟವರ್‌ಗಳ ಚಾನೆಲ್ ಎಲಿಮೆಂಟ್‌ಗಳನ್ನು (ಕರೆ ಸಂಸ್ಕರಿಸುವ ಸಾಮರ್ಥ್ಯದ ಘಟಕಗಳನ್ನು) ಹಿಡಿದಿಟ್ಟುಕೊಳ್ಳುವುದನ್ನೂ ಹಾಳೆ ಗಣಿಸಿಲ್ಲ.

ಇನ್ನೊಂದು ಆಕ್ಷೇಪವಿದೆ. ಧ್ವನಿಗೆ ಬಳಸಿದ ಎರ್ಲಾಂಗ್-ಬಿಯನ್ನೇ ಹಾಳೆಯ ಒಂದು ಕಾಲಂ ಡೇಟಾಕ್ಕೂ ಅನ್ವಯಿಸುತ್ತದೆ. ಕರೆ ಸಿಗದಿದ್ದರೆ ಸಿಗಲಿಲ್ಲ ಅಷ್ಟೆ. ಡೇಟಾ ಹಾಗಲ್ಲ, ಸಾಲಿನಲ್ಲಿ ನಿಂತು ನಿಧಾನವಾಗುತ್ತದೆ. ಎಷ್ಟು ನಿಧಾನವನ್ನು ಒಪ್ಪುತ್ತೀರಿ ಎಂದು ಕೇಳದೆ ಡೇಟಾ ಚಂದಾದಾರರ ಸಂಖ್ಯೆ ಹೇಳುವುದು ಅರ್ಥಹೀನ.

3ಜಿ ಜಾಲಗಳೇ ಮುಚ್ಚುತ್ತಿರುವಾಗ ಇದನ್ನು ಕೊಳ್ಳಬೇಕೇ? ಕಲಿಯುವವರಿಗೆ ಧ್ವನಿಯ ಪುಟವೊಂದರಿಂದಲೇ ಕೊಟ್ಟ ಹಣಕ್ಕೆ ಮೋಸವಿಲ್ಲ. ಹೊರೆ, ಗದ್ದಲ ಮತ್ತು ವ್ಯಾಪ್ತಿ ಪರಸ್ಪರ ಹೇಗೆ ಹೆಣೆದುಕೊಂಡಿವೆ ಎಂಬುದು ಇಲ್ಲಿನಷ್ಟು ಸುಲಭವಾಗಿ ಬೇರೆಡೆ ತಿಳಿಯುವುದಿಲ್ಲ. ಐದರಲ್ಲಿ ಮೂರು ಅಂಕ ಕೊಡುತ್ತೇನೆ. ಕೊಂಡವರು ಹಾಳೆ ತೆರೆದೊಡನೆ 14.4 ಇರುವ ಚೌಕವನ್ನು ಅಳಿಸಿ, ತಮ್ಮ ಜಾಲದಲ್ಲಿ ದಟ್ಟಣೆಯ ಗಂಟೆಯಲ್ಲಿ ಅಳೆದ ಸರಾಸರಿ ವೇಗವನ್ನು ಬರೆಯಲಿ.