ಕೇಳಿಸುವ ಗೋಡೆ, ಚೌಕದ ಗೋಡೆ, ದಾರದ ಗೋಡೆ

ನಮ್ಮ ವಿಜಯಪುರದ ಎರೆ ಹೊಲದಲ್ಲಿ ಮಳೆಯ ಮರುದಿನ ಚಕ್ಕಡಿ ಹೂಡಿದವರಿಗೆ ‘ಪಿನ್ನಿಂಗ್’ ಅಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ. ಎತ್ತು ಜಗ್ಗುತ್ತವೆ, ಗಾಲಿ ಕದಲುವುದಿಲ್ಲ. ಆಮೇಲೆ ಒಮ್ಮೆಲೇ ಮಾರುದ್ದ ಜಿಗಿಯುತ್ತದೆ. ಕಾಂತದ ತೆಳು ಪದರದಲ್ಲೂ ಹಾಗೇ. ಒಂದು ಕಡೆ ಅಣುಕಾಂತಗಳೆಲ್ಲ ಮೇಲ್ಮುಖ, ಇನ್ನೊಂದು ಕಡೆ ಕೆಳಮುಖ, ನಡುವೆ ಡೊಮೇನ್ ಗೋಡೆ. ಪದರದ ದಪ್ಪದ ಏರಿಳಿತ, ಕಣಗಳ ಅಂಚು ಅದನ್ನು ಹಿಡಿದು ನಿಲ್ಲಿಸುತ್ತವೆ. ಇದೇ ಪಿನ್ನಿಂಗ್. ಬಿ.ಎಸ್ಸಿ. ಹುಡುಗರಿಗೆ ಇದನ್ನು ತೋರಿಸಲು ಮೂರು ದಾರಿ ಹಿಡಿದು ನೋಡಿದೆ.

ಮೊದಲನೆಯದು ಅಗ್ಗದ್ದು. ಸಾವಿರಾರು ಸುತ್ತಿನ ತಂತಿಯ ಸುರುಳಿ, ಒಳಗೊಂದು ಕಬ್ಬಿಣದ ಮೊಳೆ, ಆಂಪ್ಲಿಫೈಯರ್, ಸ್ಪೀಕರ್. ಅಯಸ್ಕಾಂತವನ್ನು ಮೆಲ್ಲಗೆ ಹತ್ತಿರ ತಂದರೆ ಪಂಚಮಿಗೆ ಜೋಳದ ಅರಳು ಸಿಡಿದಂಥ ಸದ್ದು. 1919ರಲ್ಲಿ ಜರ್ಮನ್ ಭೌತವಿಜ್ಞಾನಿ ಬಾರ್ಕ್‌ಹೌಸೆನ್ ಕೇಳಿದ್ದು ಇದನ್ನೇ. ಹುಡುಗರು ಕುಣಿದರು. ಆದರೆ ಮೊಳೆಯೊಳಗೆ ಲೆಕ್ಕವಿಲ್ಲದಷ್ಟು ಗೋಡೆಗಳು ಒಟ್ಟಿಗೇ ಜಿಗಿಯುತ್ತವೆ, ಯಾವುದು ಎಲ್ಲಿ ಸಿಕ್ಕಿತ್ತೆಂದು ತಿಳಿಯುವುದಿಲ್ಲ. ನ್ಯಾನೋಮೀಟರ್ ದಪ್ಪದ ಪದರ ಇಟ್ಟರಂತೂ ಇಂಥ ಸುರುಳಿಗೆ ಕೇಳಿಸುವುದು ಕರೆಂಟಿನ ಗುಂಯ್‌ಗುಡುವಿಕೆ ಮಾತ್ರ.

ಎರಡನೆಯದು ಲ್ಯಾಪ್‌ಟಾಪಿನಲ್ಲಿ: 500×500 ಚೌಕಗಳ ಐಸಿಂಗ್ ಮಾದರಿ, ಅಂದರೆ ಪ್ರತಿ ಚೌಕವೂ ಮೇಲ್ಮುಖ ಇಲ್ಲವೇ ಕೆಳಮುಖ. ಪ್ರತಿ ಚೌಕಕ್ಕೂ ತನ್ನದೇ ಒಂದು ಯಾದೃಚ್ಛಿಕ ಕಾಂತಕ್ಷೇತ್ರ. ಪಕ್ಕದ್ದು ತಿರುಗಿದ್ದರೆ ಮಾತ್ರ ಇದು ತಿರುಗಬಹುದು. ನೋಡಲು ಬಲು ಚೆಂದ. ಈ ಕ್ಷೇತ್ರಗಳ ಏರುಪೇರನ್ನು, ಅಂದರೆ ಅವ್ಯವಸ್ಥೆಯನ್ನು, ಕಡಿಮೆ ಇಟ್ಟಾಗ ಗೋಡೆ ಗೆರೆ ಕೊರೆದಷ್ಟು ನೆಟ್ಟಗೆ ಸಾಗಿತು. ಎರಡು ದಿನ ಅದನ್ನೇ ಭೌತಶಾಸ್ತ್ರ ಅಂದುಕೊಂಡಿದ್ದೆ. ಗೋಡೆಯನ್ನು 45 ಡಿಗ್ರಿ ಓರೆಯಾಗಿ ಶುರು ಮಾಡಿದಾಗ ಗುಟ್ಟು ಬಯಲಾಯಿತು: ನೆಟ್ಟಗಿದ್ದದ್ದು ಗೋಡೆಯಲ್ಲ, ನನ್ನ ಚೌಕಗಳು. ಅವ್ಯವಸ್ಥೆ ಹೆಚ್ಚಿಸಿದರೆ ಮುಂದೆ ಸಾಗಿದ ಗೋಡೆಯ ಬೆನ್ನಿಗೆ, ಇನ್ನೂ ತಿರುಗದ ಚೌಕಗಳ ದ್ವೀಪಗಳು ಉಳಿಯುತ್ತವೆ. ಈ ಒಂದು ಗುಣಕ್ಕೆ ಮಾದರಿಯನ್ನು ಅಳಿಸದೆ ಇಟ್ಟುಕೊಂಡೆ.

ಮೂರನೆಯದರಲ್ಲಿ ಗೋಡೆಯೆಂದರೆ ಬರೀ ಒಂದು ದಾರ, 1024 ಬಿಂದು. ನೆರೆಯ ಬಿಂದುಗಳ ಎಳೆತ, ಹೊರಗಿನ ಕಾಂತಕ್ಷೇತ್ರದ ತಳ್ಳು, ತಗ್ಗುದಿಣ್ಣೆಯ ನೆಲ, ಅಷ್ಟೇ. ಪೈಥಾನ್‌ನಲ್ಲಿ ಕೆಲವೇ ಡಜನ್ ಸಾಲು. ಉಷ್ಣತೆ ಸೊನ್ನೆಯಾದರೆ ತಳ್ಳು ಒಂದು ಮಿತಿಯ ಕೆಳಗಿದ್ದಾಗ ದಾರ ನಿಂತೇಬಿಡುತ್ತದೆ, ಮೇಲೆ ಓಡುತ್ತದೆ. ತುಸು ಶಾಖ ಸೇರಿಸಿ ನೋಡಿ, ಮಿತಿಯ ಕೆಳಗೂ ತೆವಳುತ್ತದೆ! ಇದಕ್ಕೆ ಕ್ರೀಪ್ ಎನ್ನುತ್ತಾರೆ.

“ಸರ್, ಸಣ್ಣ ತುಂಡು ಒಂದೊಂದs ದಾಟಿ ಹೋಗಬಹುದಲ್ರಿ?” ಎಂದ ಒಬ್ಬ ಹುಡುಗ. ಹೋಗಬಹುದು, ಆದರೆ ಪಕ್ಕದವರು ಹಿಂದಕ್ಕೆ ಎಳೆದು ತರುತ್ತಾರೆ. ತಳ್ಳು ಕಡಿಮೆಯಾದಷ್ಟೂ, ಮುಂದೆ ಹೋಗಿದ್ದಕ್ಕೆ ಲಾಭ ಕಾಣಲು ಇನ್ನೂ ಉದ್ದದ ತುಂಡು ಒಟ್ಟಿಗೇ ಏಳಬೇಕು. ತುಂಡು ಉದ್ದವಾದಷ್ಟೂ ದಾಟಬೇಕಾದ ಶಕ್ತಿಯ ದಿಬ್ಬ ಎತ್ತರ. ಲೆಕ್ಕ ಹಾಕಿದರೆ ದಿಬ್ಬವು ಕ್ಷೇತ್ರದ −1/4 ಘಾತದಂತೆ ಏರುತ್ತದೆ: ಕ್ಷೇತ್ರ 16 ಪಟ್ಟು ಇಳಿದರೆ ದಿಬ್ಬ 2 ಪಟ್ಟು. ವೇಗ ಆ ದಿಬ್ಬಕ್ಕೆ ಘಾತೀಯವಾಗಿ ಅಂಜುತ್ತದೆ. 1998ರಲ್ಲಿ ಪ್ಲಾಟಿನಂ-ಕೋಬಾಲ್ಟ್-ಪ್ಲಾಟಿನಂ ಪದರದ ಮೇಲೆ ಅಳೆದಾಗ ಸಿಕ್ಕಿದ್ದೂ ಇದೇ ಕಾಲು ಘಾತ.

ನನ್ನ ಲ್ಯಾಪ್‌ಟಾಪಿನಲ್ಲೂ ಹಾಗೇ ಬಂತು ಅಂದರೆ ಸುಳ್ಳಾದೀತು. ತೀರ ಸಣ್ಣ ತಳ್ಳಿಗೆ ರಾತ್ರಿಯಿಡೀ ಓಡಿಸಿದರೂ ದಾರ ಮಿಸುಕಲಿಲ್ಲ. ಕಾಲು ಘಾತಕ್ಕೆ ಹೊಂದುವ ನೆಟ್ಟ ಗೆರೆ ಗ್ರಾಫಿನಲ್ಲಿ ಗೇಣುದ್ದ ಮಾತ್ರ. ದಾರಕ್ಕೂ ಕುಂದಿದೆ. ಅದು ಮಡಚಿಕೊಳ್ಳಲಾರದು, ದ್ವೀಪ ಬಿಡಲಾರದು. ಮಿತಿಯ ಬಳಿ ಅದರ ಒರಟುತನದ ಘಾತ (ಉದ್ದ ಹೆಚ್ಚಿದಂತೆ ಅಂಕುಡೊಂಕು ಎಷ್ಟು ಬೇಗ ಬೆಳೆಯುತ್ತದೆಂಬ ಅಳತೆ) ಸುಮಾರು 1.25. ಒಂದನ್ನು ಮೀರಿದೆ ಎಂದರೆ ದಾರ ಉದ್ದವಾದಷ್ಟೂ ಓರೆ ಕಡಿದಾಗುತ್ತದೆ, ‘ಓರೆ ಸಣ್ಣದು’ ಎಂಬ ಮೂಲ ಊಹೆಯೇ ಮುರಿಯುತ್ತದೆ.

ಆದರೂ ಒಂದನ್ನೇ ಆರಿಸು ಎಂದರೆ ನನ್ನ ಮತ ದಾರಕ್ಕೆ. ಪಾಠ ಮಾತ್ರ ಮೊಳೆಯ ಸದ್ದಿನಿಂದಲೇ ಶುರು. ಚೌಕದ ಫೈಲ್ ತೆರೆಯುವುದು ಯಾರಾದರೂ ದ್ವೀಪದ ಬಗ್ಗೆ ಕೇಳಿದಾಗ.