ನೀಲಿ ಹರಳಿನ ಪೆಟ್ಟಿಗೆ: ಕಲ್ಲು ಸಂಗ್ರಹಿಸುವ ಮಕ್ಕಳಿರುವ ಮನೆಯವರ ಗಮನಕ್ಕೆ

ಮಂಗಳೂರಿನ ವಸ್ತುಪ್ರದರ್ಶನವೊಂದರ ಮಳಿಗೆಯಲ್ಲಿ ‘ಕರಾವಳಿಯ ನೈಸರ್ಗಿಕ ಶಿಲೆಗಳು’ ಎಂಬ ಹೆಸರಿನ ಪೆಟ್ಟಿಗೆಯೊಂದನ್ನು ಮಾರುತ್ತಿದ್ದರು. ಪಾರದರ್ಶಕ ಮುಚ್ಚಳದ ಕೆಳಗೆ ಗುಲಾಬಿ, ನೇರಳೆ, ಕಡುಹಸಿರು ಬಣ್ಣದ ನುಣುಪಾದ ಅಗೇಟ್ ಕಲ್ಲುಗಳು (ಬೆಣಚುಕಲ್ಲಿನ ಜಾತಿಯ, ಪದರಪದರವಾದ ಕಲ್ಲು), ಅವುಗಳ ನಡುವೆ ನವಿಲುಗತ್ತಿನ ನೀಲಿಯ ಹರಳುಗೊಂಚಲು. ಅಂಥ ಪೆಟ್ಟಿಗೆ ನಿಮ್ಮ ಮನೆಯಲ್ಲಿದ್ದರೆ ಅದರ ನೀಲಿ ಹರಳನ್ನು ಇಂದೇ ಮಕ್ಕಳ ಕೈಗೆ ಸಿಗದಂತೆ ತೆಗೆದಿಡಿ. ಅದು ಕಲ್ಲಲ್ಲ, ಮೈಲುತುತ್ತು. ಅಡಿಕೆಯ ಕೊಳೆರೋಗಕ್ಕೆ ಸುಣ್ಣದೊಂದಿಗೆ ಬೆರೆಸಿ ಸಿಂಪಡಿಸುವ, ನಮ್ಮ ಜಿಲ್ಲೆಯ ಕೃಷಿಕರಿಗೆಲ್ಲ ಪರಿಚಿತವಾದ ಅದೇ ತಾಮ್ರದ ಲವಣ.

ಕಲ್ಲು ಕೂಡಿಡುವ ಹವ್ಯಾಸ ನನ್ನದು ಹಳೆಯದು. ಅಣ್ಣನ ಮಗಳಿಗೂ ಅದು ಅಂಟಿಕೊಂಡಿದೆ. ಸೋಮೇಶ್ವರದ ತೀರದಲ್ಲಿ ಅಲೆ ಉಜ್ಜಿ ದುಂಡಗಾಗಿಸಿದ ಬಿಳಿ ಬೆಣಚುಕಲ್ಲುಗಳನ್ನು ಹೆಕ್ಕಿ ಬೆಂಕಿಪೊಟ್ಟಣಗಳಲ್ಲಿ ಜೋಡಿಸುವಷ್ಟು ಆಸಕ್ತಿ ಅವಳಿಗಿದೆ. ಹಾಗಾಗಿ ಹುಟ್ಟುಹಬ್ಬಕ್ಕೆಂದು ಸಂಬಂಧಿಕರೊಬ್ಬರು ಈ ಪೆಟ್ಟಿಗೆಯನ್ನು ಅವಳಿಗೆ ಕೊಂಡುಕೊಟ್ಟರು. ಒಳಗಿದ್ದ ಚೀಟಿಯಲ್ಲಿ, ಕಲ್ಲುಗಳನ್ನು ನೀರಿನಲ್ಲಿ ತೊಳೆದು ಅಕ್ವೇರಿಯಮ್ಮಿನಲ್ಲಿಟ್ಟರೆ ಬಣ್ಣ ಇನ್ನಷ್ಟು ಹೊಳೆಯುತ್ತದೆ ಎಂದು ಅಚ್ಚಾಗಿತ್ತು. ಅವಳು ಹಾಗೆಯೇ ಮಾಡಿದಳು. ಸಂಜೆ ಮೀನಿನ ತೊಟ್ಟಿಗೆ ಇಳಿಸಿದ ನೀಲಿ ಗೊಂಚಲು ಬೆಳಗಾಗುವಷ್ಟರಲ್ಲಿ ಅರ್ಧಕ್ಕರ್ಧ ಕರಗಿ ನೀರು ತಿಳಿನೀಲಿಯಾಗಿತ್ತು, ಮೀನುಗಳೆಲ್ಲ ಸತ್ತು ತೇಲುತ್ತಿದ್ದವು. ಆ ಮಗು ಅತ್ತದ್ದನ್ನು ಕಂಡ ಮೇಲೆ ಇದನ್ನು ಬರೆಯದೆ ಇರಲಾಗಲಿಲ್ಲ.

ತೊಟ್ಟಿಯ ನೀರನ್ನು ನೋಡಿದ ಕೂಡಲೇ ಅಣ್ಣನಿಗೆ ಸಂಶಯ ಬಂತು. ಮಳೆಗಾಲ ಬಂತೆಂದರೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣದ ಲೆಕ್ಕದಲ್ಲಿ ಬೋರ್ಡೋ ದ್ರಾವಣ ಕಲಸುವವನು ಅವನು. ಆ ಬಣ್ಣ ಅವನ ಕಣ್ಣಿಗೆ ಹೊಸತಲ್ಲ. ತೊಟ್ಟಿಯ ನೀರನ್ನು ಒಂದು ಲೋಟದಲ್ಲಿ ತೆಗೆದುಕೊಂಡು, ಮರಳುಕಾಗದದಿಂದ ಉಜ್ಜಿದ ಕಬ್ಬಿಣದ ಮೊಳೆಯೊಂದನ್ನು ಅದರಲ್ಲಿ ಅದ್ದಿಟ್ಟ. ಸ್ವಲ್ಪ ಹೊತ್ತಿನಲ್ಲಿ ಮೊಳೆಯ ಮೇಲೆ ಕೆಂಪು ತಾಮ್ರದ ಲೇಪ ಕೂತಿತು. ಕಬ್ಬಿಣವು ದ್ರಾವಣದಿಂದ ತಾಮ್ರವನ್ನು ಹೊರಹಾಕುವ ಈ ಪ್ರಯೋಗ ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲಿಯೇ ಇದೆ. ಅನುಮಾನಕ್ಕೆ ಇನ್ನು ಎಡೆಯಿರಲಿಲ್ಲ.

ಇದೇ ಸಂಯುಕ್ತ ಪ್ರಕೃತಿಯಲ್ಲೂ ಸಿಗುತ್ತದೆ ಎಂಬುದು ನಿಜ. ಚಿಲಿ ದೇಶದ ಮರುಭೂಮಿಯಂಥ ಒಣ ಪ್ರದೇಶಗಳ ತಾಮ್ರದ ಗಣಿಗಳಲ್ಲಿ ಹುಟ್ಟುವ ಆ ಖನಿಜವನ್ನು ಚಾಲ್ಕಂಥೈಟ್ ಎನ್ನುತ್ತಾರೆ. ಆದರೆ ನೀರಿನಲ್ಲಿ ಇಷ್ಟು ಸುಲಭವಾಗಿ ಕರಗುವ ಖನಿಜವೊಂದು ವರ್ಷದಲ್ಲಿ ನಾಲ್ಕು ತಿಂಗಳು ಮಳೆ ಸುರಿಯುವ ನಮ್ಮ ನೆಲದಲ್ಲಿ ಇಷ್ಟು ದೊಡ್ಡ ಗೊಂಚಲಾಗಿ ಉಳಿದೀತೆಂದು ಹೇಗೆ ನಂಬುವುದು? ಬಿಸಿನೀರಿನಲ್ಲಿ ಮೈಲುತುತ್ತನ್ನು ಕರಗಿಸಿ, ಕಲ್ಲಿನ ಚೂರೊಂದನ್ನು ಇಳಿಬಿಟ್ಟು ನಿಧಾನವಾಗಿ ಆರಲು ಬಿಟ್ಟರೆ ಮನೆಯ ಪಾತ್ರೆಯಲ್ಲೇ ಇಂಥ ಹರಳು ಬೆಳೆಯುತ್ತದೆ. ಹಾಗೆ ಬೆಳೆಸಿದ್ದನ್ನು ಹಾಗೆಂದೇ ಹೇಳಿ, ಮುಟ್ಟಿದ ಮೇಲೆ ಕೈತೊಳೆಯಿರಿ ಎಂಬ ಸೂಚನೆಯೊಂದಿಗೆ ಮಾರಿದ್ದರೆ ನನ್ನ ದೂರೇನೂ ಇರುತ್ತಿರಲಿಲ್ಲ. ವಿಷವನ್ನು ನೈಸರ್ಗಿಕ ಶಿಲೆಯೆಂದು ಕರೆದು, ಅದನ್ನು ನೀರಿಗೆ ಹಾಕಿ ಎಂದು ಮಕ್ಕಳಿಗೆ ಹೇಳಿಕೊಟ್ಟದ್ದು ಕ್ಷಮೆಗೆ ಅರ್ಹವಲ್ಲ.

ಪೆಟ್ಟಿಗೆಯ ಉಳಿದ ಕಲ್ಲುಗಳನ್ನೂ ಪರೀಕ್ಷಿಸಿದೆ. ಅವು ಅಗೇಟ್ ಎಂಬುದರಲ್ಲಿ ಸುಳ್ಳಿಲ್ಲ: ಚಾಕುವಿನ ಮೊನೆಗೆ ಗೀರು ಬೀಳಲಿಲ್ಲ, ಗಾಜನ್ನು ಗೀರಿದವು, ಖನಿಜಗಳ ಗಡಸುತನವನ್ನು ಒಂದರಿಂದ ಹತ್ತರವರೆಗೆ ಅಳೆಯುವ ಮೋಸ್ ಮಾನದಲ್ಲಿ ಆರೂವರೆಯಿಂದ ಏಳರಷ್ಟು ಗಡಸಾದ ಕಲ್ಲು ಹಾಗೆಯೇ ಇರಬೇಕು. ಸುಳ್ಳಿದ್ದದ್ದು ಬಣ್ಣದಲ್ಲಿ. ಅಗೇಟಿನ ಸಹಜ ಬಣ್ಣಗಳು ಸಾಮಾನ್ಯವಾಗಿ ಬೂದು, ಬಿಳಿ, ಕಂದು, ಜೇನು, ಇಟ್ಟಿಗೆಗೆಂಪು, ಮಸುಕು ನೀಲಿ. ಪೇಟೆಯಲ್ಲಿ ಕಾಣುವ ಕಡುಗುಲಾಬಿ, ಕಡುನೇರಳೆಯ ಅಗೇಟುಗಳಿಗೆ ಬಣ್ಣ ಕುಡಿಸಿರುತ್ತಾರೆ. ಕಲ್ಲಿನ ಕೆಲವು ಪದರಗಳಲ್ಲಿ ಬಣ್ಣ ಹೀರುವ ಸೂಕ್ಷ್ಮ ರಂಧ್ರಗಳಿದ್ದು, ಬಿಗಿಯಾದ ಪದರಗಳು ಬಿಳಿಯಾಗಿಯೇ ಉಳಿಯುತ್ತವೆ. ಭೂತಗನ್ನಡಿಯಲ್ಲಿ ನೋಡಿದರೆ ಬಿರುಕುಗಳಲ್ಲಿ ಬಣ್ಣ ಮಡುಗಟ್ಟಿರುವುದು ಕಾಣುತ್ತದೆ. ಉಗುರುಬಣ್ಣ ತೆಗೆಯುವ ಅಸಿಟೋನಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದಾಗ ಗುಲಾಬಿ ಕಲ್ಲು ಹತ್ತಿಗೆ ಬಣ್ಣ ಬಿಟ್ಟಿತು, ಹಸಿರು ಕಲ್ಲು ಬಿಡಲಿಲ್ಲ. ಬಿಡದ್ದನ್ನು ಸಹಜವೆಂದು ತಿಳಿಯುವಂತಿಲ್ಲ. ಕ್ರೋಮಿಯಂನಂಥ ಲೋಹದ ಲವಣಗಳಿಂದ ಕಟ್ಟಿದ ಬಣ್ಣ ಅಸಿಟೋನಿಗೆ ಜಗ್ಗುವುದಿಲ್ಲ.

ಬಣ್ಣ ಕಟ್ಟುವ ಕಸುಬನ್ನು ನಾನು ಹೀಗಳೆಯುತ್ತಿಲ್ಲ. ಜರ್ಮನಿಯ ಈಡರ್-ಓಬರ್‌ಸ್ಟೈನ್ ಊರಿನವರು ಹತ್ತೊಂಬತ್ತನೆಯ ಶತಮಾನದಿಂದಲೂ ಅದರಲ್ಲಿ ಹೆಸರಾದವರು. ಗುಜರಾತಿನ ಖಂಭಾತಿನ ಕುಶಲಕರ್ಮಿಗಳು ಅಗೇಟನ್ನು ಬೆಂಕಿಯಲ್ಲಿ ಕಾಯಿಸಿ, ಅದರೊಳಗಿನ ಕಬ್ಬಿಣದ ಅಂಶದಿಂದಲೇ ಕೆಂಪನ್ನು ಹೊರಡಿಸುವ ವಿದ್ಯೆಗೆ ಹರಪ್ಪದ ಕಾಲದಷ್ಟು ಹಿಂದಿನ ಪರಂಪರೆಯಿದೆ. ಬಣ್ಣ ಹಾಕಿದ್ದೇವೆ ಎಂದು ಹೇಳಬೇಕು, ಅಷ್ಟೇ.

ಅದಕ್ಕಿಂತಲೂ ನನ್ನನ್ನು ಕೆರಳಿಸಿದ್ದು ಊರಿನ ಹೆಸರಿನ ದುರುಪಯೋಗ. ಒಂದು ಕಲ್ಲಿನ ಕೆಳಗೆ ‘ನೇತ್ರಾವತಿ ನದಿ’, ಇನ್ನೊಂದರ ಕೆಳಗೆ ‘ಸೈಂಟ್ ಮೇರಿಸ್ ದ್ವೀಪ’ ಎಂದು ಬರೆದಿತ್ತು. ನಮ್ಮ ದೇಶದ ಅಗೇಟಿನ ಬಹುಪಾಲು ಹುಟ್ಟಿದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ದಖನ್ನಿನ ಲಾವಾದಲ್ಲಿ. ಅದು ಆರುವಾಗ ಉಳಿದ ಗಾಳಿಗುಳ್ಳೆಗಳಲ್ಲಿ ಸಿಲಿಕಾ ಪದರಪದರವಾಗಿ ತುಂಬಿಕೊಂಡಿತು. ಕರ್ನಾಟಕದಲ್ಲಿ ಆ ಲಾವಾ ಗಟ್ಟಿಯಾಗಿ ಆದ ಕಪ್ಪುಶಿಲೆ ಇರುವುದು ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿಯ ಕಡೆ. ನೇತ್ರಾವತಿ ಹರಿಯುವುದು ನೈಸ್ ಎಂಬ ಪಟ್ಟೆಪಟ್ಟೆಯ ಗಡಸುಶಿಲೆ ಮತ್ತು ಮುರಕಲ್ಲಿನ ನೆಲದಲ್ಲಿ. ಮಲ್ಪೆಯಾಚೆಯ ಸೈಂಟ್ ಮೇರಿಸ್ ದ್ವೀಪದ ಕಂಬಶಿಲೆಗಳಾದರೋ ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದವು, ಸುಮಾರು 8.8 ಕೋಟಿ ವರ್ಷ ಹಳೆಯವು, ಬೇರೆಯೇ ಬಗೆಯ ಲಾವಾ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಲ್ಲಿಂದ ಒಂದು ಚೂರು ಕಲ್ಲನ್ನೂ ತಂದು ಮಾರಬಾರದು. ಚೀಟಿ ಸುಳ್ಳಾದರೆ ಅದು ವಂಚನೆ, ನಿಜವಾದರೆ ಸ್ಮಾರಕದ ಲೂಟಿ. ಎರಡರಲ್ಲಿ ಯಾವುದೇ ಆಗಲಿ, ಆ ಹೆಸರು ಬರೆದ ಕಲ್ಲನ್ನು ಯಾರೂ ಕೊಳ್ಳಬಾರದು.

ನಾವು ಮತ್ತೆ ಹೋದಾಗ ಮಳಿಗೆ ಖಾಲಿಯಾಗಿತ್ತು. ಬಿಲ್ಲು ಕೊಟ್ಟಿರಲಿಲ್ಲ, ಪೆಟ್ಟಿಗೆಯ ಮೇಲೆ ತಯಾರಕರ ವಿಳಾಸವಿರಲಿಲ್ಲ, ಚೀಟಿಯಲ್ಲಿದ್ದ ಮೊಬೈಲ್ ಸಂಖ್ಯೆ ಸ್ವಿಚ್ ಆಫ್ ಆಗಿತ್ತು. ನೀವು ಬಿಲ್ಲು ಪಡೆದಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಿ. ನಮ್ಮ ಬಳಿ ಪೆಟ್ಟಿಗೆಯ ಚಿತ್ರಗಳ ಹೊರತು ಬೇರೆ ಪುರಾವೆಯಿಲ್ಲ.

ಮಗು ಆ ಹರಳನ್ನು ನೆಕ್ಕಿದ್ದರೆ ಅಥವಾ ಚೂರನ್ನು ನುಂಗಿದ್ದರೆ ಬಾಯಿ ಮುಕ್ಕಳಿಸಲು ಹೇಳಿ, ಬಲವಂತವಾಗಿ ವಾಂತಿ ಮಾಡಿಸಲು ಹೋಗದೆ, ಉಳಿದ ಹರಳನ್ನು ಜೊತೆಗೆ ಒಯ್ದು ತಕ್ಷಣ ಆಸ್ಪತ್ರೆಗೆ ತಲುಪಿ. ಹೊಟ್ಟೆಯನ್ನಷ್ಟೇ ಅಲ್ಲ, ಯಕೃತ್ತು, ಮೂತ್ರಪಿಂಡಗಳನ್ನೂ ಕೆಡಿಸಬಲ್ಲ ವಿಷವದು. ಹರಳನ್ನು ಬಾವಿಯ ಹತ್ತಿರವಾಗಲಿ, ತೋಡಿಗಾಗಲಿ, ಚರಂಡಿಗಾಗಲಿ ಎಸೆಯಬೇಡಿ. ಅಲ್ಲಿಯ ಮೀನುಗಳಿಗೂ ಅದೇ ಗತಿಯಾಗುತ್ತದೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ಹೊರಗೆ ‘ಮೈಲುತುತ್ತು, ವಿಷ’ ಎಂದು ದೊಡ್ಡದಾಗಿ ಬರೆದು, ಪರಿಚಯದ ಅಡಿಕೆ ಕೃಷಿಕರಿಗೆ ತಲುಪಿಸಿ.